ಐಫೋನ್ ಫೋಟೊನ ಜೆಪೆಗ್ ಮಾಡೋ ಐಮೇಜಿಂಗ್ ಕನ್ವರ್ಟರ್: ಎರಡೂವರೆ ವರ್ಷ ಅಂಗಡೀಲಿ ಬಳಸಿದ ಮೇಲೆ

ತಿಪಟೂರಲ್ಲಿ ನಮ್ದೊಂದು ಸಣ್ಣ ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೊ, ಲ್ಯಾಮಿನೇಷನ್, ಸೀಸನ್ ಬಂದ್ರೆ ಫ್ಲೆಕ್ಸ್ ಆರ್ಡರ್ ಹಿಡಿಯೋದು, ಇಷ್ಟೇ ಕೆಲಸ. ಮೊದಲೆಲ್ಲ ಐಫೋನ್ ಹಿಡ್ಕೊಂಡು ಬರೋರು ವಾರಕ್ಕೊಬ್ರು ಸಿಗ್ತಿದ್ರೆ ಹೆಚ್ಚು, ಈಗ ಸೆಕೆಂಡ್ ಹ್ಯಾಂಡೋ ಇಎಂಐನೋ ಡಿಗ್ರಿ ಹುಡುಗ್ರ ಕೈಲೆಲ್ಲ ಅದೇ, ಅದರ ಜೊತೆಗೆ ಬಂದಿದ್ದು ಈ ಹೆಚ್‌ಇಐಸಿ ಅನ್ನೋ ತಲೆನೋವು. ಹುಡುಗ್ರು "ಹೀಕ್ ಫೈಲ್" ಅಂತಾರೆ, ನಾನೂ ಹಂಗೇ ಅಂತೀನಿ.

ಗೊತ್ತಿಲ್ದೇ ಇರೋರಿಗೆ ಒಂದ್ ಮಾತು. 2017ರಲ್ಲಿ ಐಒಎಸ್ 11 ಬಂದಾಗಿಂದ ಐಫೋನ್ 7 ಮತ್ತೆ ಅದರ ನಂತರದ ಫೋನ್‌ಗಳು ಫೋಟೊನ ಎಲ್ಲ ಕಡೆ ನಡೆಯೋ ಹಳೇ ಜೆಪೆಗ್ (ಜೆಪಿಜಿ ಅನ್ನೋದೂ ಇದಕ್ಕೇ) ಬದಲು ಹೆಚ್‌ಇಐಸಿ ಅನ್ನೋ ಬೇರೆ ಥರದ ಫೈಲಾಗಿ ಉಳಿಸ್ತವೆ, ಒಳಗೆ ಕುಗ್ಸೋದು ವಿಡಿಯೋಗೆ ಬಳಸೋ ಹೆಚ್‌ಇವಿಸಿ ವಿಧಾನ. ಜಾಗ ಸುಮಾರು ಅರ್ಧ ಸಾಕು. ಜೆಪೆಗ್ ಅಂದ್ರೆ 1992ರ ಮುದುಕ, ಆದ್ರೆ ಮುದುಕನ್ನ ಎಲ್ಲರೂ ಮನೆಯೊಳಗೆ ಕರೀತಾರೆ, ಹೊಸಬನ್ನ ಅರ್ಜಿ ವೆಬ್‌ಸೈಟ್‌ಗಳು ಹೊಸ್ಲೇ ದಾಟ್ಸಲ್ಲ.

ಶುರುವಿನಲ್ಲಿ ಏನ್ ಮಾಡ್ತಿದ್ದೆ ಅಂದ್ರೆ ಗೂಗಲ್‌ನಲ್ಲಿ ಹುಡುಕಿ ಯಾವುದೋ ಒಂದು ಆನ್‌ಲೈನ್ ಕನ್ವರ್ಟರ್‌ಗೆ ಹಾಕ್ತಿದ್ದೆ. ಒಂದಿನ ಒಬ್ಬರ ಆಧಾರ್ ಕಾರ್ಡಿನ ಫೋಟೊ ಹಾಕಿ ಡೌನ್‌ಲೋಡ್ ಬಟನ್ ಹುಡುಕ್ತಾ ಇದೀನಿ, ನಾಲ್ಕು ಬಟನ್ ಇದೆ, ಮೂರು ಜಾಹೀರಾತು, ಆ ಯಪ್ಪ ಪಕ್ಕದಲ್ಲೇ ಸ್ಟೂಲ್ ಮೇಲೆ ಕೂತು ಪರದೆ ನೋಡ್ತಾ "ಇದು ಎಲ್ಲಿಗ್ ಹೋಗುತ್ತಪ್ಪಾ ನಮ್ ಕಾರ್ಡು?" ಅಂದ್ರು. ನನ್ ಹತ್ರ ಉತ್ತರ ಇರ್ಲಿಲ್ಲ. ಅವತ್ತೇ ರಾತ್ರಿ ಪಿಸಿ ಒಳಗೇ ನಡೆಯೋದು ಯಾವುದಾದ್ರೂ ಇದೆಯಾ ಅಂತ ಹುಡುಕಿ ಈ ಐಮೇಜಿಂಗ್ ಕನ್ವರ್ಟರ್ ಹಾಕ್ಕೊಂಡೆ.

ಐಮೇಜಿಂಗ್ ಮಾಡಿರೋದು ಸ್ವಿಟ್ಜರ್‌ಲ್ಯಾಂಡ್‌ನ ಜಿನೀವಾದ ಕಂಪನಿ. ಅವರ ದುಡ್ಡಿನ ಸಾಫ್ಟ್‌ವೇರ್ ಬೇರೆ ಇದೆ, ಈ ಕನ್ವರ್ಟರ್ ಫ್ರೀ, ವಿಂಡೋಸ್ ಮತ್ತೆ ಮ್ಯಾಕ್ ಎರಡಕ್ಕೂ ಸಿಗುತ್ತೆ. ಬಳಸೋಕೆ ಏನೂ ಕಲಿಯೋದಿಲ್ಲ, ಫೈಲೋ ಫೋಲ್ಡರೋ ಎಳ್ಕೊಂಡು ಬಂದು ಕಿಟಕಿ ಮೇಲೆ ಬಿಡಿ, ಜೆಪೆಗ್ ಬೇಕಾ ಪಿಎನ್‌ಜಿ (ಅದೂ ಒಂದು ಥರದ ಫೋಟೊ ಫೈಲು) ಬೇಕಾ ಆರಿಸಿ, ಕ್ವಾಲಿಟಿ ಸ್ಲೈಡರ್ ಸರಿಸಿ, ಕನ್ವರ್ಟ್ ಒತ್ತಿ. ಇನ್ನೊಂದು ಅನುಕೂಲ ಏನಪ್ಪಾ ಅಂದ್ರೆ ವಿಂಡೋಸ್ 10ರಲ್ಲಿ ಈ ಫೋಟೊ ಬರೀ ತೆಗೆದು ನೋಡೋಕೇ ಮೈಕ್ರೋಸಾಫ್ಟ್ ಸ್ಟೋರಿಂದ ಎರಡು ಎಕ್ಸ್‌ಟೆನ್ಷನ್, ಅಂದ್ರೆ ಜೊತೆಗೆ ಸೇರಿಸ್ಕೊಳೋ ಸಣ್ಣ ಸಾಫ್ಟ್‌ವೇರ್, ಬೇಕು, ಅದ್ರಲ್ಲಿ ಹೆಚ್‌ಇವಿಸಿದು ದುಡ್ಡು ಕೊಟ್ಟು ತಗೋಬೇಕು, ಇದಕ್ಕೆ ಅದ್ಯಾವುದರ ಹಂಗೂ ಇಲ್ಲ.

ಕೀಪ್ ಎಕ್ಸಿಫ್ ಡೇಟಾ ಅಂತ ಒಂದು ಟಿಕ್ ಮಾರ್ಕ್ ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳ್ತೀನಿ, ಯಾಕಂದ್ರೆ ನಾನು ಪೆಟ್ಟು ತಿಂದಿದ್ದು ಅಲ್ಲೇ. ಫೋಟೊ ಯಾವಾಗ ತೆಗೆದಿದ್ದು, ಲೊಕೇಷನ್ ಆನ್ ಇದ್ರೆ ಎಲ್ಲಿ ತೆಗೆದಿದ್ದು, ಎಲ್ಲ ಫೈಲ್ ಒಳಗೆ ಕೂತಿರುತ್ತೆ, ಅದೇ ಎಕ್ಸಿಫ್, ಟಿಕ್ ಇದ್ರೆ ಜೆಪೆಗ್‌ಗೂ ಬರುತ್ತೆ, ತೆಗೆದ್ರೆ ಬರಲ್ಲ. ಒಬ್ಬ ಕಾಂಟ್ರ್ಯಾಕ್ಟರ್ ಚರಂಡಿ ಕೆಲಸದ ಮೂವತ್ತು ಫೋಟೊ ತಂದಿದ್ರು, ಟಿಕ್ ತೆಗೆದಿದ್ದು ಮರೆತು ಹಂಗೇ ಮಾಡಿ ಕೊಟ್ಬಿಟ್ಟೆ, ತಾರೀಖೂ ಇಲ್ಲ ಜಾಗಾನೂ ಇಲ್ಲ, ಬಿಲ್ ಜೊತೆ ಇಟ್ಟಾಗ ಆ ಕಡೆಯವರು ಒಪ್ಪಲಿಲ್ಲವಂತೆ. ಮಾರನೇ ದಿನ ಬಂದು ಚೆನ್ನಾಗಿ ಬೈದ್ರು. ಪುಣ್ಯಕ್ಕೆ ಒರಿಜಿನಲ್ ಫೋಲ್ಡರ್ ಅಳಿಸಿರ್ಲಿಲ್ಲ, ಮತ್ತೆ ಮಾಡಿಕೊಟ್ಟೆ. ಟಿಕ್ ತೆಗೆದಿದ್ದಾದ್ರೂ ಯಾಕೆ ಅಂದ್ರೆ ಅದರ ಹಿಂದಿನ ಗಿರಾಕಿ ಮಗಳ ಮದುವೆ ಫೋಟೊ ಬ್ರೋಕರ್‌ಗೆ ಮೇಲ್ ಮಾಡೋಕೆ ಬಂದಿದ್ದೋರು, ಮನೆ ಜಗಲಿ ಮೇಲೆ ತೆಗೆದ ಫೋಟೊ, ಅದರ ಜೊತೆ ಮನೆಯ ಲೊಕೇಷನ್ನೂ ಊರೆಲ್ಲ ಸುತ್ತೋದು ಯಾಕೆ ಅಂತ ನಾನೇ ತೆಗೆದಿದ್ದೆ. ಈಗ ಗಿರಾಕಿ ಬದಲಾದಾಗ ಮೊದಲು ನೋಡೋದೇ ಆ ಟಿಕ್ ಮಾರ್ಕ್.

ಕೊರತೆ ಇಲ್ಲ ಅಂತಲ್ಲ. ಬ್ಯಾಂಕ್ ಪರೀಕ್ಷೆ ಅರ್ಜಿಗೆ ಕೇಳೋದು 200×230 ಪಿಕ್ಸೆಲ್, 20ರಿಂದ 50 ಕೆಬಿ ಒಳಗೆ. ಇದರಿಂದ ಹೊರಗೆ ಬಂದ ಜೆಪೆಗ್ ಕುಗ್ಗೋದಿರಲಿ ದಪ್ಪ ಆಗಿರುತ್ತೆ, 1.9 ಎಂಬಿ ಇದ್ದ ಫೋಟೊ 3 ಎಂಬಿ ದಾಟಿದ್ದು ನೋಡಿದೀನಿ, ಅದು ಜೆಪೆಗ್‌ನ ಗುಣ, ಇದರ ತಪ್ಪಲ್ಲ. ಆದ್ರೂ ಅಳತೆ ಕಮ್ಮಿ ಮಾಡೋದು, ಕಟ್ ಮಾಡೋದು ಇದ್ರಲ್ಲೇ ಇದ್ದಿದ್ರೆ ಅನ್ಸುತ್ತೆ. ಅದಕ್ಕೆಲ್ಲ ಮತ್ತೆ ಪೇಂಟ್‌ಗೆ ಹೋಗ್ಬೇಕು. ಲೈವ್ ಫೋಟೊ ಆದ್ರೆ ಅಲುಗಾಡೋ ಭಾಗ ಬೇರೆ ವಿಡಿಯೋ ಫೈಲಾಗಿರುತ್ತೆ, ಜೆಪೆಗ್‌ನಲ್ಲಿ ನಿಂತ ಚಿತ್ರ ಒಂದೇ.

ಒಂದ್ಸಲ ಒಬ್ಬ ಹುಡುಗ "ಅಣ್ಣ, ಕನ್ವರ್ಟ್ ಎಲ್ಲ ಬೇಡ, ನಾನೇ ಜೆಪಿಜಿ ಮಾಡ್ಕೊಂಡ್ ಬಂದಿದೀನಿ, ಆದ್ರೂ ಅಪ್ಲೋಡ್ ಆಗ್ತಿಲ್ಲ" ಅಂತ ಪೆನ್‌ಡ್ರೈವ್ ಕೊಟ್ಟ. ನೋಡಿದ್ರೆ ಫೈಲ್ ಹೆಸರಿನ ಕೊನೇಲಿರೋ ಹೆಚ್‌ಇಐಸಿ ಅಳಿಸಿ ಜೆಪಿಜಿ ಅಂತ ಟೈಪ್ ಮಾಡಿದಾನೆ. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದ್ರೆ ಕಾಫಿ ಸಿಹಿ ಆಗುತ್ತೇನೋ ಮಾರಾಯ ಅಂದೆ, ನಕ್ಕ. ಹಳೇ ಹೆಸರು ವಾಪಸ್ ಹಾಕಿ ಎಳೆದು ಬಿಟ್ಟೆ, ಆಯ್ತು, ಹತ್ತು ರೂಪಾಯಿ.

ಇಷ್ಟು ದಿನ ಬಳಸಿದ ಮೇಲೆ ನನಗನ್ಸೋದು ಕನ್ವರ್ಟ್ ಮಾಡೋದು ಈ ಕೆಲಸದಲ್ಲಿ ಸಲೀಸಾದ ಭಾಗ, ಒರಿಜಿನಲ್ ಫೈಲ್ ನಮ್ ಕೈಗೆ ಬರೋದೇ ಕಷ್ಟ. ಎಲ್ಲರೂ ವಾಟ್ಸಾಪಲ್ಲಿ ಕಳಿಸ್ತಾರೆ. ವಾಟ್ಸಾಪಲ್ಲಿ ಫೋಟೊ ಅಂತ ಕಳಿಸಿದ್ರೆ ಅದು ಆಗ್ಲೇ ಜೆಪೆಗ್ ಆಗಿ, ಕುಗ್ಗಿ, ಒಳಗಿನ ಲೊಕೇಷನ್ ಎಲ್ಲ ಉದುರಿಸ್ಕೊಂಡು ಬಂದಿರುತ್ತೆ. ನಿಜ ಹೇಳ್ಬೇಕಂದ್ರೆ 50 ಕೆಬಿ ಅರ್ಜಿಗೆ ಅಷ್ಟೇ ಸಾಕು, ಈ ಕನ್ವರ್ಟರ್ರೇ ಬೇಡ, ನನ್ ಹತ್ತು ರೂಪಾಯಿ ಹೋದ್ರೂ ಪರವಾಗಿಲ್ಲ ಹೇಳ್ತೀನಿ. ಆದ್ರೆ ಹತ್ತು ಅಡಿ ಫ್ಲೆಕ್ಸ್‌ಗೆ ಅದೇ ಫೋಟೊ ಹಾಕಿದ್ರೆ ಮುಖ ಮೊಸರು ಕಲಸಿದಂಗೆ ಕಾಣುತ್ತೆ. ಹೋದ ವರ್ಷ ಒಬ್ಬರು ಸೀಮಂತದ ಆಲ್ಬಮ್‌ಗೆ ಅಂತ ನಾನೂರು ಚಿಲ್ಲರೆ ಫೋಟೊ ತಂದ್ರು, ಪ್ರಿಂಟ್ ಹಾಕೋ ಲ್ಯಾಬ್‌ನೋರು ಹೀಕ್ ಬೇಡ ಅಂದಿದ್ರಂತೆ. ಕೇಬಲ್ ಹಾಕಿ ಎಲ್ಲಾನೂ ಪಿಸಿಗೆ ಎಳ್ಕೊಂಡು ಫೋಲ್ಡರ್ ಸಮೇತ ಬಿಟ್ಟು ಟೀ ಕುಡಿಯೋಕೆ ಹೋದೆ, ಬರೋಷ್ಟೊತ್ತಿಗೆ ಮುಗೀತಾ ಬಂದಿತ್ತು. ಕೇಬಲ್‌ಗೆ ಒಂದು ವಿಷಯ, ಫೋನ್ ಸೆಟಿಂಗ್ಸಲ್ಲಿ ಫೋಟೋಸ್ ಒಳಗೆ ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ ಅಂತಿರುತ್ತೆ, ಆಟೊಮ್ಯಾಟಿಕ್ ಇದ್ರೆ ಫೋನೇ ಕಳಿಸೋವಾಗ ಜೆಪೆಗ್ ಮಾಡುತ್ತೆ, ಹತ್ತಿಪ್ಪತ್ತು ಫೋಟೊಗೆ ಅದೇ ಸುಲಭ. ನೂರಾರು ಇದ್ರೆ ಕೀಪ್ ಒರಿಜಿನಲ್ಸ್ ಇಟ್ಟು ಕನ್ವರ್ಟ್ ಪಿಸೀಲಿ ಮಾಡ್ಕೊಳೋದು ವಾಸಿ.

ಕೆಲವರು ಕೇಳ್ತಾರೆ, ಫೋನ್ ಸೆಟಿಂಗ್ಸಿನ ಕ್ಯಾಮೆರಾ ಫಾರ್ಮ್ಯಾಟ್ಸಲ್ಲಿ ಮೋಸ್ಟ್ ಕಂಪ್ಯಾಟಿಬಲ್ (ಅಂದ್ರೆ ಫೋಟೊ ಜೆಪೆಗ್ಗಾಗೇ ಉಳಿಯೋದು) ಇಟ್ಬಿಡ್ಲಾ, ಈ ರಗಳೆನೇ ಬೇಡ ಅಂತ. ದಿನಾ ಅರ್ಜಿ ಹಾಕೋರಾದ್ರೆ ಇಡಿ. 64 ಜಿಬಿ ಫೋನು, ಅದ್ರಲ್ಲಿ ಮಗೂದು ಸಾವಿರ ಫೋಟೊ ಅನ್ನೋರು ಇಡಬೇಡಿ, ಜಾಗ ತುಂಬಿ ಆಮೇಲೆ ನನ್ ಹತ್ರಾನೇ ಬರ್ತೀರ. ಜೊತೆಗೆ ಸೆಕೆಂಡಿಗೆ 60 ಫ್ರೇಮಿನ 4ಕೆ ವಿಡಿಯೋ ತೆಗೆಯೋಕೂ ಅಲ್ಲೇ ಇರೋ ಇನ್ನೊಂದು ಆಯ್ಕೆ, ಹೆಚ್‌ಇಐಸಿ ಉಳಿಸೋ ಹೈ ಎಫಿಶಿಯೆನ್ಸಿನೇ ಬೇಕು.

ಐದಕ್ಕೆ ನಾಲ್ಕು ಕೊಡ್ತೀನಿ, ಸೈಜ್ ಕಮ್ಮಿ ಮಾಡೋದು ಸೇರಿಸಿದ ದಿನ ಐದು. ಅಂಗಡಿ ಗೋಡೆ ಮೇಲೆ "ಫ್ಲೆಕ್ಸ್, ಆಲ್ಬಮ್ ಫೋಟೊ ಇದ್ದರೆ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಒತ್ತಿ ಕಳಿಸಿ" ಅಂತ ದೊಡ್ಡದಾಗಿ ಪ್ರಿಂಟ್ ತೆಗೆದು ಅಂಟಿಸಿದೀನಿ. ಜನ ಅದನ್ನ ಪೂರ್ತಿ ಓದ್ತಾರೆ, ಓದಿ ತಲೆ ಆಡಿಸ್ತಾರೆ, ಆಮೇಲೆ ಮಾಮೂಲಿ ಥರಾನೇ ಫೋಟೊ ಅಂತ ಕಳಿಸ್ತಾರೆ.