ಮಕ್ಕಳು ಎತ್ತರವಾಗುವ ವರ್ಷದಲ್ಲಿ ಮಂಡಿ ಕಾಯುವ ನೃತ್ಯಶಾಲೆ

ನೃತ್ಯ ಕಲಿಸುವ ಶಾಲೆಯನ್ನು ನೋಡಲು ಹೋದವರು ಗೋಡೆಯ ಮೇಲಿನ ಪ್ರಶಸ್ತಿಗಳಿಗಿಂತ ಮೊದಲು ನೆಲವನ್ನು ನೋಡಬೇಕು. ನನ್ನ ಮಗಳು ಬ್ಯಾಲೆ, ಆಧುನಿಕ ನೃತ್ಯ ಕಲಿತ ಪ್ರದರ್ಶನ ಕಲೆಗಳ ಪ್ರೌಢಶಾಲೆಯಲ್ಲಿ ತಾಲೀಮು ಕೋಣೆಗಳ ನೆಲ ಕಾಂಕ್ರೀಟಿಗೆ ಅಂಟಿಕೊಂಡಿಲ್ಲ. ಕೆಳಗೆ ಮೆತ್ತೆಯ ಆಧಾರವಿರುವ ಮರದ ಹಲಗೆ, ಅದರ ಮೇಲೆ ಜಾರದ ವಿನೈಲ್ ಹಾಸು. ಜಿಗಿದು ಇಳಿದಾಗ ನೆಲ ತುಸು ಬಾಗಿ ಪೆಟ್ಟನ್ನು ನುಂಗುತ್ತದೆ. ನಾನು ನೃತ್ಯ ತಂಡವೊಂದರಲ್ಲಿ ಗಟ್ಟಿ ನೆಲದ ಮೇಲೆಯೇ ಕುಣಿದು, ಮಂಡಿ ಹಾಳಾಗಿ, ಬೇಗನೆ ವೇದಿಕೆ ಬಿಟ್ಟವಳು. ಹಾಗಾಗಿ ಈ ಶಾಲೆಯ ಬಗ್ಗೆ ನಾನು ಹೇಳುವುದೆಲ್ಲ ಮೂಳೆ, ಕೀಲುಗಳ ಸುತ್ತಲೇ ಸುತ್ತುತ್ತದೆ.

ಮಗಳು ಈಗ ಓದು ಮುಗಿಸಿ ಹೊರಬಂದಿದ್ದಾಳೆ. ಈ ಶಾಲೆಯನ್ನು ನಾನು ಮೆಚ್ಚುವುದು ಮುಖ್ಯವಾಗಿ ಒಂದು ಕಾರಣಕ್ಕೆ: ಮಕ್ಕಳು ದಿಢೀರನೆ ಎತ್ತರವಾಗುವ ಕಾಲವನ್ನು ಇಲ್ಲಿನ ಶಿಕ್ಷಕರು ಅರ್ಥಮಾಡಿಕೊಂಡಿದ್ದಾರೆ. ಆ ಬೆಳವಣಿಗೆಯ ವೇಗ ಹುಡುಗಿಯರಲ್ಲಿ ಸಾಮಾನ್ಯವಾಗಿ 11ರಿಂದ 13ರ ಆಸುಪಾಸಿನಲ್ಲಿ ಗರಿಷ್ಠವಾಗಿರುತ್ತದೆ. ಹುಡುಗರಲ್ಲಿ ಸುಮಾರು ಎರಡು ವರ್ಷ ತಡವಾಗಿ. ತಡವಾಗಿ ಬೆಳೆಯುವವರಿಗೆ ಅದು ಪ್ರೌಢಶಾಲೆಗೆ ಸೇರಿದ ಮೇಲೆಯೇ ಬರುತ್ತದೆ. ಕೈಕಾಲು ಉದ್ದವಾಗುತ್ತವೆ, ಸ್ನಾಯುಗಳು ಬಿಗಿಯುತ್ತವೆ, ನಿನ್ನೆಯವರೆಗೆ ಸರಾಗವಾಗಿದ್ದ ಸುತ್ತು ಇಂದು ತೂಗಾಡುತ್ತದೆ. ತನ್ನಲ್ಲಿದ್ದ ಪ್ರತಿಭೆಯೇ ಹೊರಟುಹೋಯಿತೆಂದು ಮಗು ಕಂಗೆಡುತ್ತದೆ. ಅನೇಕ ಕಡೆ ಶಿಕ್ಷಕರೂ ಹಾಗೆಯೇ ತಿಳಿದು, ಇನ್ನಷ್ಟು ಜಿಗಿಸುತ್ತಾರೆ, ಕಾಲನ್ನು ಇನ್ನಷ್ಟು ಎಳೆಸುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಲ್ಲಿ ಪ್ರತಿ ಶೈಕ್ಷಣಿಕ ಅವಧಿಯ ಆರಂಭದಲ್ಲಿ ಎತ್ತರ ಅಳೆಯುತ್ತಾರೆ. ಎತ್ತರ ಒಮ್ಮೆಲೇ ಏರಿದ್ದು ಕಂಡರೆ ಜಿಗಿತ ಕಡಿಮೆ, ನಿಧಾನದ ಅಭ್ಯಾಸ ಹೆಚ್ಚು. ಮಗಳಿಗೆ ಮಂಡಿಯ ಚಿಪ್ಪಿನ ಕೆಳಗೆ ಉಬ್ಬು ಬಂದು ನೋಯತೊಡಗಿದಾಗ ವೈದ್ಯರು ಆಸ್‌ಗುಡ್-ಶ್ಲಾಟರ್ ಎಂದರು. ಮಂಡಿಚಿಪ್ಪಿನ ಸ್ನಾಯುರಜ್ಜು ಕೆಳಗಾಲಿನ ಮೂಳೆಯ ಇನ್ನೂ ಬಲಿಯದ ಭಾಗವನ್ನು ಮತ್ತೆ ಮತ್ತೆ ಎಳೆಯುವುದರಿಂದ ಬರುವ ನೋವು ಅದು. ಶಾಲೆಯವರು ಅವಳನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಮಂಡಿ ಬಾಗಿಸಿ ಪೂರ್ತಿ ಕೆಳಗಿಳಿಯುವ ಪ್ಲಿಯೆ ಬೇಡ, ಜಿಗಿತ ಬೇಡ, ಉಳಿದದ್ದೆಲ್ಲ ಮಾಡು ಎಂದರು. ಅದೇ ಅವಧಿಯಲ್ಲಿ ನೃತ್ಯ ಸಂಯೋಜನೆಯ ಪಾಠದಲ್ಲಿ ಅವಳು ಮುಂದೆ ಹೋದಳು. ನೃತ್ಯ ಸಿದ್ಧಾಂತಿ ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ, ಚಲನೆಯನ್ನು ಚಿಹ್ನೆಗಳಲ್ಲಿ ಬರೆದಿಡುವ ಲಿಪಿಯನ್ನು ಕಲಿತಳು. “ಜಿಗಿತ ಎಲ್ಲಿಗೂ ಓಡಿಹೋಗುವುದಿಲ್ಲ, ಮೂಳೆ ಮೊದಲು ಗಟ್ಟಿಯಾಗಲಿ” ಎಂದು ಅವಳ ಶಿಕ್ಷಕಿ ಹೇಳಿದ್ದು ನನ್ನ ಹದಿಹರೆಯದಲ್ಲಿ ನನಗೆ ಯಾರೂ ಹೇಳದ ಮಾತು.

ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯಲು ತೊಡುವ ಪಾಯಿಂಟ್ ಶೂ ವಿಷಯದಲ್ಲೂ ಇದೇ ನಿಲುವು. ವಯಸ್ಸು ತುಂಬಿತೆಂದು ಶೂ ಕೊಡುವುದಿಲ್ಲ. ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವಾಗ ಪಾದ ಅಲುಗುತ್ತದೆಯೇ, ಸೊಂಟ ವಾಲುತ್ತದೆಯೇ, ಪಾದ ಚಾಚಿದಾಗ ಕೆಳಗಾಲಿನ ನೇರಕ್ಕೆ ಬರುತ್ತದೆಯೇ ಎಂದು ಫಿಸಿಯೋಥೆರಪಿಸ್ಟ್ ನೋಡುತ್ತಾರೆ. ಪಾದಗಳನ್ನು ಹೊರಮುಖವಾಗಿ ನಿಲ್ಲಿಸುವಾಗಲೂ ತಿರುವು ಸೊಂಟದ ಕೀಲಿನಿಂದಲೇ ಬರಬೇಕು. ನೆಲದ ಹಿಡಿತ ಬಳಸಿ ಮಂಡಿಯನ್ನು ತಿರುಚಿದರೆ ತಕ್ಷಣ ನಿಲ್ಲಿಸುತ್ತಾರೆ.

ಬ್ಯಾಲೆ ಬೆಳಗ್ಗೆ, ಆಧುನಿಕ ನೃತ್ಯ ಮಧ್ಯಾಹ್ನ. ಅಮೆರಿಕದ ಆಧುನಿಕ ನೃತ್ಯಗಾರ್ತಿ ಮಾರ್ಥಾ ಗ್ರಹಾಂ ಪದ್ಧತಿಯ ಶಿಕ್ಷಕರು ಚೆನ್ನಾಗಿದ್ದಾರೆ. ಹೊಟ್ಟೆಯ ಆಳದಿಂದ ಹುಟ್ಟುವ ಸಂಕೋಚನ, ಬಿಡುಗಡೆ ಎರಡನ್ನೂ ಉಸಿರಿನೊಂದಿಗೆ ಜೋಡಿಸಿ ಕಲಿಸುತ್ತಾರೆ. ಪಿಯಾನೋ ವಾದಕರು ಬ್ಯಾಲೆ ತರಗತಿಗಳಿಗೆ ಮಾತ್ರ ಬರುತ್ತಾರೆ.

ಇನ್ನು ದೂರುಗಳು. ವಾರ್ಷಿಕ ಪ್ರದರ್ಶನ ಹತ್ತಿರವಾದ ಕೂಡಲೇ ಈ ವಿವೇಕವೆಲ್ಲ ಸಡಿಲವಾಗುತ್ತದೆ. ಬಾರ್ (ಆಸರೆಯ ಅಡ್ಡಕಂಬಿ) ಹಿಡಿದು ಮಾಡುವ ಅಭ್ಯಾಸ ಮೊಟಕಾಗುತ್ತದೆ, ಪೂರ್ವಾಭ್ಯಾಸ ರಾತ್ರಿಯವರೆಗೆ ಎಳೆಯುತ್ತದೆ, ಮರುದಿನ ಬೆಳಗ್ಗೆ ಗಣಿತದ ಪರೀಕ್ಷೆ ಇದ್ದೇ ಇರುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ದಣಿದ ದೇಹ ತಪ್ಪಾಗಿ ಇಳಿಯುತ್ತದೆ, ಪಾದದ ಮೂಳೆಯಲ್ಲಿ ಸಣ್ಣ ಬಿರುಕು ಮೂಡುವುದು ಇಂಥ ವಾರಗಳಲ್ಲೇ. ಮುಖ್ಯ ಪಾತ್ರಗಳೂ ವರ್ಷ ವರ್ಷ ಅದೇ ಕೆಲವರಿಗೆ ಹೋಗುತ್ತವೆ.

ಇನ್ನೊಂದು ದೂರಿನ ಸಂಗತಿ ನನ್ನನ್ನು ಹೆಚ್ಚು ನೋಯಿಸಿತು. ಶಿಕ್ಷಕರು ಮಕ್ಕಳ ತೂಕ ನೋಡಬಾರದೆಂಬ ನಿಯಮ ಶಾಲೆಯಲ್ಲಿದೆ. ಮುಟ್ಟು ತಪ್ಪಿದರೆ ಶಾಲೆಯ ನರ್ಸ್‌ಗೆ ತಿಳಿಸಬೇಕೆಂದೂ ಹುಡುಗಿಯರಿಗೆ ಹೇಳಿಕೊಟ್ಟಿದ್ದಾರೆ. ಅದು ಸರಿಯಾದ ಕ್ರಮ. ಶ್ರಮಕ್ಕೆ ತಕ್ಕ ಆಹಾರ ಸಿಗದಿದ್ದಾಗ ಮುಟ್ಟು, ಮೂಳೆ, ರೋಗನಿರೋಧಕ ಶಕ್ತಿ ಎಲ್ಲವೂ ಕುಂದುತ್ತವೆ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಎಚ್ಚರಿಸಿತ್ತು. ಆದರೆ ಉಡುಪಿನ ಅಳತೆ ತೆಗೆಯಲು ಹೊರಗಿನಿಂದ ಬಂದವರು ಎಲ್ಲರ ಎದುರು ಸೊಂಟದ ಸುತ್ತಳತೆಯನ್ನು ಗಟ್ಟಿಯಾಗಿ ಕೂಗಿದರು. ಅಂದು ಮಗಳು ಊಟ ಮಾಡಲಿಲ್ಲ. ನಾನು ಪತ್ರ ಬರೆದೆ. ಮುಂದಿನ ಬಾರಿ ಅಳತೆ ಮುಚ್ಚಿದ ಕೋಣೆಯಲ್ಲಿ, ಒಬ್ಬೊಬ್ಬರಾಗಿ ನಡೆಯಿತು. ಪತ್ರ ಹೋಗುವವರೆಗೆ ಯಾರಿಗೂ ಹೊಳೆಯಲಿಲ್ಲ ಎಂಬುದು ನನಗೆ ಇನ್ನೂ ಬೇಸರದ ವಿಷಯ.

ಪ್ರವೇಶ ಪರೀಕ್ಷೆಗೆ ಮಗುವನ್ನು ಕರೆದೊಯ್ಯುವವರಿಗೆ: ಸಿದ್ಧಪಡಿಸಿದ ನೃತ್ಯಕ್ಕಿಂತ ಅಂದು ನಡೆಸುವ ತರಗತಿಗೆ ಅವರು ಹೆಚ್ಚು ಬೆಲೆ ಕೊಡುತ್ತಾರೆ. ಒಂದು ತಿದ್ದುಪಡಿ ಹೇಳಿ, ಮುಂದಿನ ಸರದಿಯಲ್ಲಿ ಮಗು ಅದನ್ನು ಪ್ರಯತ್ನಿಸುತ್ತದೆಯೇ ಎಂದು ಗಮನಿಸುತ್ತಾರೆ. ಹಳೆಯ ಗಾಯವಿದ್ದರೆ ಮುಚ್ಚಿಡಬೇಡಿ, ವೈದ್ಯರ ವರದಿ ಜೊತೆಗಿರಲಿ. ತಾಲೀಮು ಕೋಣೆಯ ನೆಲವನ್ನು ನೋಡಬೇಕೆಂದು ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ. ಪ್ರದರ್ಶನದ ತಿಂಗಳ ವೇಳಾಪಟ್ಟಿಯನ್ನೂ ಅಲ್ಲೇ ಕೇಳಿ ಪಡೆಯಿರಿ.