ಕಿಟಕಿಗೆ ಸೊಳ್ಳೆ ಮೆಶ್: ಕೊಡಗಿನ ಮಳೆಗೆ ವೆಲ್ಕ್ರೋ ಬೇಡ ಮಾರಾಯ್ರೇ

5ಕ್ಕೆ 3 ಸ್ಟಾರ್.

ನಮ್ಮನೆ ಸುಂಟಿಕೊಪ್ಪ ಹತ್ರ, ತೋಟದ ಮಧ್ಯ. ಹೋದ್ವರ್ಷ ಜುಲೈನಲ್ಲಿ ಮಗಳಿಗೆ ಡೆಂಗ್ಯೂ ಬಂದು ಪ್ಲೇಟ್‌ಲೆಟ್ 58 ಸಾವಿರಕ್ಕಿಳಿದು ನಾವು ಪಟ್ಟ ಪಾಡು ಯಾರಿಗೂ ಬೇಡ, ಅದಕ್ಕೇ ಈ ಸಲ ಮೇ ತಿಂಗಳಲ್ಲೇ ಕುಶಾಲನಗರದ ಒಂದು ಅಂಗಡಿಯವರನ್ನ ಕರೆಸಿ ಒಂಬತ್ತು ಕಿಟಕಿಗೂ ಮೆಶ್ ಹಾಕಿಸ್ದೆ. ಫೈಬರ್ ಗ್ಲಾಸ್ ಮೆಶ್, ವೆಲ್ಕ್ರೋ ಪಟ್ಟಿ ಅಂಟಿಸೋದು, ಚದರ ಅಡಿಗೆ 55 ರೂಪಾಯಿ. ಅಳತೆ ಕರೆಕ್ಟು, ಎರಡೇ ಗಂಟೇಲಿ ಮುಗಿಸಿ ಕಸಾನೂ ಗುಡಿಸಿ ಹೋದ್ರು, ಅದ್ರಲ್ಲಿ ಎರಡು ಮಾತಿಲ್ಲ.

ಜೂನಲ್ಲಿ ಮಳೆ ಹಿಡೀತು ನೋಡಿ, ಗೋಡೆ ಥಂಡಿಯಾಗಿ ಅಂಟು ಬಿಟ್ಕೊಂಡು ಅಡುಗೆಮನೆ ಮೆಶ್ ಒದ್ದೆ ಬಟ್ಟೆ ಥರ ಜೋತುಬಿತ್ತು. ಫೋನ್ ಮಾಡಿದ್ರೆ "ಮಳೆ ನಿಂತ್ಮೇಲೆ ಬರ್ತೀವಿ ಅಣ್ಣ, ಈಗ ಅಂಟಿಸಿದ್ರೂ ನಿಲ್ಲಲ್ಲ" ಅಂದ್ರು. ಕೊಡಗಲ್ಲಿ ಮಳೆ ನಿಲ್ಲೋದು ಯಾವಾಗ, ಇವ್ರು ಬರೋದ್ಯಾವಾಗ! ಕೊನೆಗೆ ಊರಿನ ಆಚಾರಿ ಬಂದು ಅದೇ ಮೆಶ್ ಮೇಲೆ ಮರದ ಪಟ್ಟಿ ಇಟ್ಟು ಮೊಳೆ ಹೊಡೆದ್ರು, ಈಗ ಅಲ್ಲಾಡಲ್ಲ. ಬಿಚ್ಚಿ ತೊಳೆಯೋಕೆ ಮಾತ್ರ ಆಗಲ್ಲ, ಬ್ರಶ್ಶಲ್ಲೇ ಧೂಳು ಹೊಡೀಬೇಕು.

ಅಂಗಡಿ ಹುಡುಗ "ಸಂಜೆ ಆರಕ್ಕೆ ಬಾಗಿಲು ಹಾಕ್ಬಿಡಿ, ಸಾಕು" ಅಂದಿದ್ದ. ತಪ್ಪು. ಡೆಂಗ್ಯೂ ಹರಡೋ ಈಡಿಸ್ ಸೊಳ್ಳೆ, ಕಾಲಲ್ಲಿ ಬಿಳಿ ಪಟ್ಟೆ ಇರೋದು, ಹಗಲಲ್ಲೇ ಕಚ್ಚೋದು, ಬೆಳಿಗ್ಗೆ ಮತ್ತೆ ಕತ್ತಲಾಗೋಕೆ ಮುಂಚೆ ಜಾಸ್ತಿ. ಆ ಹೊತ್ತಿಗೆ ನಮ್ಮ ಮುಂಬಾಗಿಲು ತೆಗೆದೇ ಇರುತ್ತೆ. ಬಾಗಿಲು ಬಿಟ್ಟು ಕಿಟಕಿಗೆ ಮಾತ್ರ ಹಾಕಿಸಿದ್ರೆ ಅರ್ಧ ದುಡ್ಡು ದಂಡ.

ಆಶಾ ಕಾರ್ಯಕರ್ತೆ ಅಕ್ಕ ಬಂದಾಗ ಮೆಶ್ ಕಡೆ ತಿರುಗೂ ನೋಡ್ಲಿಲ್ಲ, ಸೀದಾ ಹಿತ್ಲಿಗೆ ಹೋಗಿ ತೋಟಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆದಾದ್ಮೇಲೆ ತೊಳೆದಿಟ್ಟಿದ್ದ ಡ್ರಮ್ಮಿಗೆ ಟಾರ್ಚ್ ಬಿಟ್ರು. ಮಳೆನೀರಲ್ಲಿ ಸೊಳ್ಳೆಮರಿಗಳು ಮೇಲೆ ಕೆಳಗೆ ಕುಣೀತಿದ್ವು. ಮೊಟ್ಟೆ ಸೊಳ್ಳೆ ಆಗೋಕೆ ಒಂದು ವಾರ ಹತ್ತು ದಿನ ಸಾಕು, ನೀರು ಚೆಲ್ಲಿದ್ರಷ್ಟೇ ಆಗಲ್ಲ, ಡ್ರಮ್ಮಿನ ಒಳಗೆ ಅಂಟಿರೋ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ, ನಾರು ಹಾಕಿ ತಿಕ್ಕಿ ಅಂದ್ರು. ಹೀಗೆ ಸೊಳ್ಳೆ ಹುಟ್ಟೋಕೆ ಬಿಟ್ರೆ 2024ರಿಂದ ಹಳ್ಳಿ ಮನೆಗೆ 200 ರೂಪಾಯಿ ದಂಡಾನೂ ಇದೆ ಗೊತ್ತಾ ಅಂತ ಕೇಳಿದ್ರು, ನಾನು ಸುಮ್ನೆ ನಾರು ಹುಡುಕೋಕೆ ಹೋದೆ.

ಮಿಕ್ಕಿದ್ದ ಮೆಶ್ ತುಂಡನ್ನ ಈಗ ಅದೇ ಡ್ರಮ್ ಬಾಯಿಗೆ ಹಳೇ ಸ್ಕೂಟರ್ ಟ್ಯೂಬ್ ಕತ್ತರಿಸಿ ಬಿಗಿದಿದೀನಿ. ಬಾಗಿಲಿಗೆ ಅಲ್ಯುಮಿನಿಯಂ ಫ್ರೇಮಿನ ಮೆಶ್ ಹಾಕಿಸಿರೋರು ಯಾರಾದ್ರೂ ಇದ್ರೆ ರೇಟ್ ಹೇಳಿ, ಮಳೆಗಾಲದಲ್ಲಿ ಜಾಮ್ ಆಗುತ್ತಾ ಅನ್ನೋದನ್ನೂ.