ಆಲ್ಪ್ಸ್ ಹೂಗಿಡಗಳ ನಕಲಿಗೆ ಕ್ಲೂಸಿಯಸ್ಸೋ, ಬೆಸ್ಲರೋ?

ನಿಬ್ಬು, ಶಾಯಿ ಹಿಡಿದು ಆಲ್ಪ್ಸ್ ಗಿಡಗಳ ಹಳೆಯ ಚಿತ್ರಗಳನ್ನು ನಕಲು ಮಾಡಿ ಕೈ ಪಳಗಿಸಿಕೊಳ್ಳುವವರಿಗೆ ನಾನು ಹೇಳುವುದು ಹದಿನಾರನೇ ಶತಮಾನದ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್‌, ಆಸ್ಟ್ರಿಯಾ ಸುತ್ತಲಿನ ಗಿಡಗಳ ಬಗ್ಗೆ ಬರೆದ 1583ರ ಪುಸ್ತಕವನ್ನೇ. ಅವನು ವಿಯೆನ್ನಾದಲ್ಲಿದ್ದಾಗ ಓಟ್ಷರ್, ಶ್ನೇಬರ್ಗ್ ಬೆಟ್ಟಗಳನ್ನು ಹತ್ತಿ ಗಿಡ ಹುಡುಕಿದವನು. ಪುಸ್ತಕ ಅಚ್ಚಾದದ್ದು ಆಂಟ್ವರ್ಪ್‌ನ ಪ್ಲಾಂಟಿನ್ ಮುದ್ರಣಾಲಯದಲ್ಲಿ, ಚಿತ್ರಗಳೆಲ್ಲ ಮರದಚ್ಚು.

ಜರ್ಮನಿಯ ಔಷಧ ವ್ಯಾಪಾರಿ ಬೆಸ್ಲರ್ 1613ರಲ್ಲಿ ಹೊರತಂದ, ಐಷ್ಟೆಟ್ ಊರಿನ ತೋಟದ ಗಿಡಗಳ ಚಿತ್ರಪುಸ್ತಕ ‘ಹಾರ್ಟಸ್ ಐಸ್ಟೆಟೆನ್ಸಿಸ್’ ನೋಟಕ್ಕೆ ಇದಕ್ಕಿಂತ ಎಷ್ಟೋ ಭವ್ಯ. 367 ತಾಮ್ರಫಲಕಗಳು, ಹಾಳೆ ಸುಮಾರು 57 × 46 ಸೆಂ.ಮೀ. ತಕರಾರು ಹುಟ್ಟುವುದೇ ಆ ಅಳತೆಯಿಂದ. ಮನೆಯ ಎ4 ಹಾಳೆಗೆ ಇಳಿಸಿದರೆ ಚಿತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ತಾಮ್ರದಲ್ಲಿ ಕೊರೆದ ಗೆರೆ ಮೊದಲೇ ತೆಳು. ನೆರಳಿನ ಗೆರೆಗಳು ಒಂದಕ್ಕೊಂದು ಅಂಟಿ ಬೂದು ಕಲೆಯಾಗುತ್ತವೆ. ಅದರ ಮೇಲೆ ಪ್ರಿಂಟರ್‌ನ ಚುಕ್ಕೆಗಳೂ ಸೇರಿದರೆ ಎಲೆಯ ಮೇಲೆಲ್ಲ ಅಲೆಯಲೆಯಾದ ಪಟ್ಟೆ. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಕಾಣದಿದ್ದರೆ ನಕಲು ಮಾಡುವುದಾದರೂ ಏನನ್ನು? ದುಡ್ಡು ಕೊಟ್ಟು ತರಿಸಿದ ಎ4 ಪ್ರತಿಯಲ್ಲೂ ಇದೇ ಪಾಡು.

ದಾರಿ ಇದೆ, ಕೆಲಸ ಜಾಸ್ತಿ. ಪೂರ್ತಿ ಹಾಳೆಯ ಸ್ಕ್ಯಾನ್ ಎತ್ತರದಲ್ಲಿ ಕನಿಷ್ಠ 6,700 ಪಿಕ್ಸೆಲ್ ಇರಬೇಕು. ಆಗಷ್ಟೇ ಮೂಲ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಸಿಗುತ್ತದೆ. ಅದರಿಂದ 19 × 28 ಸೆಂ.ಮೀ. ತುಂಡು ಕತ್ತರಿಸಿ, ‘ಫಿಟ್ ಟು ಪೇಜ್’ ತೆಗೆದು, 100%ಗೆ ಇಟ್ಟು ಪ್ರಿಂಟ್ ಹಾಕಿ. ಶಾರ್ಪನ್ ಮಾಡಬೇಡಿ, ಗೆರೆಯ ಎರಡೂ ಬದಿ ಬಿಳಿ ಅಂಚು ಮೂಡುತ್ತದೆ. ತುಂಡುಗಳನ್ನು ಅಡ್ಡಲಾಗಿ ಕತ್ತರಿಸಿದರೆ ಇಡೀ ಫಲಕಕ್ಕೆ ಹೀಗೆ ಆರು ಹಾಳೆ ಬೇಕು.

ಕ್ಲೂಸಿಯಸ್‌ನ ಪುಟ ಚಿಕ್ಕದು, ಇಲ್ಲಿ ಹಿಗ್ಗಿಸುವುದೇ ಕೆಲಸ. ಮರದಚ್ಚಿನಲ್ಲಿ ಸುತ್ತಲಿನ ಮರ ಕೆತ್ತಿ ತೆಗೆದು ಗೆರೆಯನ್ನು ಉಳಿಸಬೇಕು, ಹಾಗಾಗಿ ಅದು ತೀರಾ ತೆಳುವಾಗಲಾರದು. 200% ಹಿಗ್ಗಿಸಿದರೂ ಒಂದೊಂದು ಗೆರೆಯೂ ಸ್ಪಷ್ಟ. ಒಂದರ ಮೇಲೊಂದು ಹಾಯುವ ಗೆರೆಗಳನ್ನು ಮರದಲ್ಲಿ ಕೆತ್ತುವುದು ಬಲು ಕಷ್ಟ. ನಡುವಿನ ಪ್ರತಿ ಚೌಕವನ್ನೂ ಬಿಡಿಯಾಗಿ ತೆಗೆಯಬೇಕು. ಅದಕ್ಕೇ ನೆರಳೆಲ್ಲ ಬಹುಪಾಲು ಒಂದೇ ದಿಕ್ಕಿನ ಸಮಾನಾಂತರ ಗೆರೆ, ಕಲಿಯುವ ಕೈಗೆ ಹೇಳಿ ಮಾಡಿಸಿದ್ದು. ‘ಆರಿಕ್ಯುಲಾ ಉರ್ಸಿ’ (ಕರಡಿಕಿವಿ ಎಂಬರ್ಥದ ಹಳೆಯ ಹೆಸರು, ಒಂದು ಬಗೆಯ ಪ್ರಿಮುಲಾ ಗಿಡ) ಚಿತ್ರದಿಂದ ಶುರುಮಾಡಿ: ದಪ್ಪ ಎಲೆಗಳು, ಮೇಲೊಂದು ಹೂಗೊಂಚಲು.

ಕೊರತೆಯೂ ಇದೆ. ಅಚ್ಚಿನ ಚೌಕಟ್ಟಿಗೆ ಹೊಂದಿಸಲು ಕೆಲವೆಡೆ ಕಾಂಡ, ಬೇರು ಬಾಗಿಸಿದ್ದಾರೆ. ಪ್ಲಾಂಟಿನ್‌ನವರು ಅದೇ ಅಚ್ಚುಗಳನ್ನು ಅದೇ ಕಾಲದ ಸಸ್ಯಶಾಸ್ತ್ರಜ್ಞರಾದ ಡೊಡೊನ್ಸ್, ಲೊಬೆಲ್ ಪುಸ್ತಕಗಳಿಗೂ ಬಳಸುತ್ತಿದ್ದರು. ಬೇರೆ ಹೆಸರಿನಲ್ಲಿ ಬಂತೆಂದು ಅದೇ ಚಿತ್ರವನ್ನು ಎರಡು ಸಲ ಕೊಳ್ಳಬೇಡಿ.

ಬಣ್ಣಕ್ಕೆ ಇಬ್ಬರನ್ನೂ ನಂಬುವಂತಿಲ್ಲ. ಬೆಸ್ಲರ್‌ನ ಬಣ್ಣದ ಪ್ರತಿಗಳು ಒಂದರಂತೆ ಒಂದಿಲ್ಲ. ಗಿಡ ಗುರುತಿಸಲು ಸಸ್ಯಶಾಸ್ತ್ರಜ್ಞ ಜಾಕ್ವಿನ್‌ನ ‘ಫ್ಲೋರಾ ಆಸ್ಟ್ರಿಯಾಕಾ’ (1773–78) ನೋಡಿ: ಕೈಯಿಂದ ಬಣ್ಣ ತುಂಬಿದ 500 ಫಲಕಗಳು.

ಎ4 ಲೇಸರ್ ಪ್ರಿಂಟರ್, ಒಂದು ನಿಬ್ಬು, ಉಚಿತ ಸ್ಕ್ಯಾನ್ ಇಷ್ಟರಲ್ಲೇ ಕೆಲಸ ಮಾಡುವ ನನಗೆ ಕ್ಲೂಸಿಯಸ್ ಸಾಕು. ಗೋಡೆಗೆ ಬೆಸ್ಲರ್ ಬೇಕೆನ್ನುವವರು ಅಂಗಡಿಯಲ್ಲಿ ಎ2 ಹಾಳೆಗೆ ಹಾಕಿಸಿ. 90%ಗೆ ಇಳಿಸಿದರೆ ಪೂರ್ತಿ ಕೂರುತ್ತದೆ, ಗೆರೆಯೂ ಕೆಡುವುದಿಲ್ಲ.